ಪರೀಕ್ಷಕನ ಮುದ್ರೆ

“ಗುರುಗಳೇ, ನಿಯಮ ಮೀರದೆ ತಿದ್ದುವವನಿಂದ ಅನ್ಯಾಯವಾಗಲು ಸಾಧ್ಯವೇ?” ಎಂದು ಶಿಷ್ಯ ಕೇಳಿದ.

ಗುರುಕುಲದಲ್ಲಿ ಯಾರು ಶಾಸ್ತ್ರವಿಷಯ ಬರೆದರೂ ಅದನ್ನು ಮೊದಲು ಪರಿಶೀಲಿಸುವ ಕೆಲಸ ಈ ಶಿಷ್ಯನದು. ಒಬ್ಬ ಸಹಪಾಠಿಯ ಬರಹವನ್ನು ಅವನು ಆ ಬೆಳಿಗ್ಗೆ ಮತ್ತೊಮ್ಮೆ ಹಿಂದಿರುಗಿಸಿದ್ದ. ಅದೇ ಸಹಪಾಠಿಯನ್ನು ಗುರುಗಳು ಹಿಂದಿನ ವಾರ ಎಲ್ಲರೆದುರು ಹೊಗಳಿದ್ದರು.

ಗುರು ಈ ಕತೆ ಹೇಳಿದರು.

ಒಂದು ನಗರದಲ್ಲಿ ವೈದ್ಯಸಭೆಯಿತ್ತು. ಸಭೆಗೆ ಒಬ್ಬ ಪರೀಕ್ಷಕ. ಅವನ ಮುದ್ರೆ ಬೀಳದ ಹೊರತು ಯಾವ ವೈದ್ಯನ ಬರಹವನ್ನೂ ಊರಿನ ಮುಂದೆ ಓದುವಂತಿರಲಿಲ್ಲ. ಬರವಣಿಗೆಯ ನಿಯಮಗಳನ್ನು ಮಾಡಿದವನೂ ಅವನೇ. ಹಿಂದೊಮ್ಮೆ ಯಾರೋ ‘ಒಂದು ಹಿಡಿ’ ಎಂದು ಬರೆದಿದ್ದ ಮದ್ದನ್ನು ದೊಡ್ಡ ಕೈಯವನೊಬ್ಬ ತನ್ನ ಹಿಡಿಯಲ್ಲಿ ಅಳೆದು ಕುಡಿಸಿದ, ರೋಗಿ ಸತ್ತ. ಅಂದಿನಿಂದ ಅಳತೆಯನ್ನು ತೂಕದಲ್ಲೇ ಹೇಳಬೇಕು, ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಬರೆಯಬೇಕು, ‘ಬಹಳ’ ಎನ್ನದೆ ಸಂಖ್ಯೆ ಕೊಡಬೇಕು ಎಂದಾಯಿತು. ನಿಯಮಗಳು ಒಳ್ಳೆಯವು. ಅವುಗಳಿಂದ ಅನೇಕರು ಬದುಕಿದರು.

ಆ ನಗರದ ಮಕ್ಕಳಿಗೆ ಒಂದು ಹೊಟ್ಟೆನೋವು ಹಿಡಿದಿತ್ತು. ನೋವು ಬಂದ ಮಗು ಬಿಳಿಚಿಕೊಂಡು ಸೊರಗುತ್ತಿತ್ತು, ಕೆಲವೊಮ್ಮೆ ಸಾಯುತ್ತಿತ್ತು. ಪರೀಕ್ಷಕ ಅದಕ್ಕೆ ವರ್ಷಗಟ್ಟಲೆ ಪಿತ್ತದ ಮದ್ದು ಕೊಟ್ಟಿದ್ದ. ಕಾರಣ ಅವನಿಗೆ ಸಿಕ್ಕಿರಲಿಲ್ಲ.

ಒಬ್ಬ ತರುಣ ವೈದ್ಯನಿಗೆ ಸಿಕ್ಕಿತು. ಅಡುಗೆ ಪಾತ್ರೆಗಳಿಗೆ ಕಲಾಯಿ ಹಾಕುವವರು ತವರಕ್ಕೆ ಸೀಸ ಬೆರೆಸುತ್ತಿದ್ದರು. ಆ ಪಾತ್ರೆಯಲ್ಲಿ ಹುಣಿಸೆಹುಳಿ ಕುದಿಸಿದರೆ ಸೀಸ ಸಾರಿಗೆ ಇಳಿಯುತ್ತಿತ್ತು. ತರುಣ ಇದನ್ನು ಬರೆದು ತಂದು ಪರೀಕ್ಷಕನ ಮುಂದಿಟ್ಟ.

ಮೊದಲ ಪುಟ ಮುಗಿಯುವುದರೊಳಗೆ ಪರೀಕ್ಷಕನಿಗೆ ಇದು ನಿಜವೆಂದು ತಿಳಿಯಿತು. ಇದು ತನಗೆ ಹೊಳೆಯಬೇಕಾಗಿತ್ತು ಎಂದೂ ಅನ್ನಿಸಿತು. ಹೊಳೆದದ್ದು ಇನ್ನೂ ಮೀಸೆ ಬಲಿಯದವನಿಗೆ. ಅವನು ಪುಟವನ್ನು ಮತ್ತೆ ಮೊದಲಿನಿಂದ ಓದಿದ. ಈ ಸಲ ತಪ್ಪಿಗಾಗಿ ಓದಿದ.

“‘ಬಹಳ ಮಕ್ಕಳು’ ಎಂದರೆ ಎಷ್ಟಯ್ಯಾ? ಸಂತೆಯಲ್ಲಿ ಬದನೆಕಾಯಿ ಕೊಳ್ಳುವವಳೂ ಇದಕ್ಕಿಂತ ಖಚಿತವಾಗಿ ಮಾತಾಡುತ್ತಾಳೆ,” ಎಂದು ಬರಹವನ್ನು ಹಿಂದಿರುಗಿಸಿದ.

ತರುಣ ಮನೆಮನೆಗೆ ಹೋಗಿ ಎಣಿಸಿ, ಸಂಖ್ಯೆ ಸೇರಿಸಿ ತಂದ. ಸೀಸದ ಪ್ರಮಾಣವನ್ನು ‘ಚಿಟಿಕೆ’ ಎಂದು ಬರೆದಿದ್ದ, ಪರೀಕ್ಷಕ ಹಿಂದಿರುಗಿಸಿದ. ತೂಗಿ ಬರೆದು ತಂದ. ಕಲಾಯಿಯವನು ಹೇಳಿದ್ದೂ ತಾನು ಕಂಡದ್ದೂ ಒಂದೇ ವಾಕ್ಯದಲ್ಲಿ ಬೆರೆತಿದ್ದವು. ಪರೀಕ್ಷಕ ಅದನ್ನೂ ಹಿಂದಿರುಗಿಸಿದ.

“ತಿದ್ದಿ ತರುತ್ತೇನೆ, ಸ್ವಾಮಿ. ಅಲ್ಲಿಯವರೆಗೆ ತಾಯಂದಿರಿಗೆ ಬಾಯಿಮಾತಿನಲ್ಲಾದರೂ ಹೇಳಲೇ?” ಎಂದು ತರುಣ ಕೇಳಿದ.

“ಮುದ್ರೆಯಿಲ್ಲದ್ದನ್ನು ಸಾರುವವನು ಡಂಗುರದವನು, ವೈದ್ಯನಲ್ಲ. ಹೇಳುವುದಾದರೆ ಸಭೆಯಿಂದ ಹೊರಗೆ ನಿಂತು ಹೇಳು.”

ಸಭೆಯ ಹೊರಗಿನವನ ಮಾತಿಗೆ ಆ ಊರಿನಲ್ಲಿ ಯಾರೂ ಕಿವಿಗೊಡುತ್ತಿರಲಿಲ್ಲ. ತರುಣ ತಿದ್ದಲು ಹೋದ.

ಅವನು ಮತ್ತೆ ಬಂದಾಗ ಪರೀಕ್ಷಕ ಹಳೆಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ.

“ಸತ್ತವರ ಸಂಖ್ಯೆ ಅದರಲ್ಲಿ ಬೇರೆ, ಇದರಲ್ಲಿ ಬೇರೆ. ಯಾವುದನ್ನು ನಂಬಲಿ?”

“ಎರಡೂ ನಿಜ, ಸ್ವಾಮಿ. ನೀವು ಹಿಂದಿರುಗಿಸಿದ ಮೇಲೆ ಇನ್ನಿಬ್ಬರು ಸತ್ತರು.”

“ಹಾಗಿದ್ದರೆ ಯಾವ ದಿನದ ಲೆಕ್ಕವೆಂದು ನಮೂದಿಸಬೇಕಿತ್ತು,” ಎಂದು ಪರೀಕ್ಷಕ ಎರಡನ್ನೂ ಮಡಿಸಿ ಅವನ ಕೈಗೆ ಕೊಟ್ಟ.

ಕೊನೆಗೊಮ್ಮೆ ಆ ಬರಹದಲ್ಲಿ ತಪ್ಪು ಉಳಿಯಲಿಲ್ಲ. ಪರೀಕ್ಷಕ ಹುಡುಕಿದ, ಸಿಗಲಿಲ್ಲ, ಮುದ್ರೆ ಒತ್ತಿದ. ಬರಹವನ್ನು ಊರಿನ ಮುಂದೆ ಓದಲಾಯಿತು. ಜನ ಹಳೆಯ ಕಲಾಯಿಯನ್ನು ಕೆರೆಸಿ ಶುದ್ಧ ತವರ ಹಾಕಿಸಿಕೊಂಡರು. ಹೊಟ್ಟೆನೋವು ನಿಂತಿತು. ಸಭೆ ಇಬ್ಬರಿಗೂ ಶಾಲು ಹೊದಿಸಿತು. ಕಾರಣ ಕಂಡುಹಿಡಿದದ್ದಕ್ಕೆ ತರುಣನಿಗೆ, ಬರಹ ಅಷ್ಟು ಪರಿಶುದ್ಧವಾಗಿದ್ದುದಕ್ಕೆ ಪರೀಕ್ಷಕನಿಗೆ. ಶಾಸ್ತ್ರವನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಮಾದರಿಯಾಗಿ ಇಂದಿಗೂ ಅದನ್ನೇ ಹೊಸಬರ ಕೈಗೆ ಕೊಡುತ್ತಾರೆ. ಸತ್ತ ಮಕ್ಕಳ ಸಂಖ್ಯೆ ಅದರಲ್ಲಿ ಒಂದೂ ಹೆಚ್ಚುಕಡಿಮೆಯಿಲ್ಲದೆ ಇದೆ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಉಸಿರು ಬಂದಂತಾಯಿತು.

“ಆ ಪರೀಕ್ಷಕ ಹೊಟ್ಟೆಕಿಚ್ಚಿನಿಂದ ಇಲ್ಲದ ತಪ್ಪುಗಳನ್ನು ಹುಟ್ಟಿಸಿದ, ಗುರುಗಳೇ. ನಾನು ಹಾಗೆ ಮಾಡಿಲ್ಲ. ನಾನು ತೋರಿಸಿದ್ದೆಲ್ಲ ಬರಹದಲ್ಲಿ ಇದ್ದ ತಪ್ಪುಗಳೇ.”

ಗುರು ಹೇಳಿದರು: “ಅವನು ತೋರಿಸಿದ್ದೂ ಇದ್ದ ತಪ್ಪುಗಳನ್ನೇ.”