ನೋಡಿಹೋದ ಗುಡ್ಡ

ನಮ್ಮ ಕರಿಮಟ್ಟಿಗೆ ಬರುವವರು ಮೊದಲು ಒಂದು ಗುಡ್ಡ ಹತ್ತಬೇಕು. ಬಸ್ಸು ಗುಡ್ಡದ ಆಚೆಗೆ ಮೂರು ಮೈಲಿ ದೂರದಲ್ಲೇ ತಿರುಗಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಕಾಲ್ದಾರಿ. ನೆತ್ತಿಯಲ್ಲಿ ನಿಂತರೆ ಊರು ಪೂರ್ತಿ ಕಾಣುತ್ತದೆ: ಮೂವತ್ತು ಮನೆ, ತೊಗರಿ ಹೊಲ, ಅದರಾಚೆ ಹಳ್ಳ, ಹಳ್ಳದಾಚೆ ಬೇರೆ ರಾಜ್ಯ. ನಮ್ಮ ಮೊಬೈಲಿಗೆ ಸ್ವಾಗತ ಕೋರುವುದು ಆ ರಾಜ್ಯವೇ. ಹೆರಿಗೆಗೆ ಹಳ್ಳ ದಾಟುತ್ತೇವೆ, ಓಟು ಹಾಕಲು ಗುಡ್ಡ ದಾಟುತ್ತೇವೆ. ಇಲ್ಲಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಈಗ ಅಲ್ಲಿ ಆರು ಮಕ್ಕಳಿದ್ದಾರೆ. ಆ ಗುಡ್ಡಕ್ಕೆ ನೋಡಿಹೋದ ಗುಡ್ಡ ಎಂದು ಹೆಸರು. ಹೊರಗಿನಿಂದ ಬಂದವರು, ಮೇಲಿನ ನೋಟ ಚೆನ್ನಾಗಿರುವುದರಿಂದ ಹೀಗೆ ಕರೆದಿರಬೇಕೆಂದು ತಾವೇ ತೀರ್ಮಾನಿಸಿ ಫೋಟೊ ತೆಗೆದುಕೊಳ್ಳುತ್ತಾರೆ. ಯಾರಾದರೂ ಕೇಳಿದರೆ ನಾನು ಈ ಕಥೆ ಹೇಳುತ್ತೇನೆ.

ಹಿಂದೆ ಒಮ್ಮೆ ಆ ಹಳ್ಳವೇ ಎರಡು ಸಂಸ್ಥಾನಗಳ ಗಡಿಯಾಗಿತ್ತು ಎನ್ನುತ್ತಾರೆ. ಆಗ ಊರಲ್ಲಿದ್ದದ್ದು ಹನ್ನೊಂದು ಮನೆ. ಆಚೆಯ ದೊರೆ ಕೋಟೆ ಕಟ್ಟಿಸಲು ನಮ್ಮವರನ್ನು ಹಿಡಿದೊಯ್ಯುತ್ತಿದ್ದ. ಅದನ್ನು ಕಂಡು ಈಚೆಯ ದೊರೆಯೂ ಒಂದು ಕೋಟೆ ಶುರುಮಾಡಿ ಉಳಿದವರನ್ನು ಹಿಡಿದೊಯ್ಯುತ್ತಿದ್ದ. ಹೋದವರಲ್ಲಿ ಮರಳಿ ಬಂದವರು ಇಬ್ಬರೇ, ಅವರಲ್ಲೊಬ್ಬನಿಗೆ ಬಲಗೈ ಇರಲಿಲ್ಲ. ಇನ್ನು ಇಲ್ಲಿದ್ದರೆ ಗಂಡು ಸಂತಾನವೇ ಉಳಿಯದೆಂದು ಒಂದು ಬೆಳಗಿನ ಜಾವ ಊರಿಗೆ ಊರೇ ದನಕರು ಹೊಡೆದುಕೊಂಡು ಗುಡ್ಡ ಹತ್ತಿತು. ಎಲ್ಲಿಗೆ ಹೋಗುವುದೆಂದು ಹೋಗುವವರಿಗೇ ತಿಳಿದಿರಲಿಲ್ಲ. ಹಿಂದೆ ಉಳಿದವಳು ಮಾಳವ್ವ ಒಬ್ಬಳೇ. ಆಕೆಯ ಅತ್ತೆಗೆ ಸೊಂಟ ಬಿದ್ದುಹೋಗಿತ್ತು, ಹೊತ್ತುಕೊಂಡು ಹೋಗುವಂತಿರಲಿಲ್ಲ. ಗಂಡ ಸಾಯಬಣ್ಣ ಹೊಸ್ತಿಲಲ್ಲಿ ನಿಂತು, "ಉಗಾದಿಯೊಳಗ ಬಂದುಬಿಡ್ತೀವಿ. ಅಲ್ಲೀತನಕ ಒಲಿ ಆರಿಸಬ್ಯಾಡ" ಎಂದು ಹೇಳಿ ಹೊರಟನಂತೆ.

ಒಲೆಯ ಮಾತು ಸುಮ್ಮನೆ ಬಂದದ್ದಲ್ಲ. ವರ್ಷಪೂರ್ತಿ ಹೊಗೆಯೇಳದ ಊರನ್ನು ಬೇಚಿರಾಕ್, ಎಂದರೆ ದೀಪವಿಲ್ಲದ ಊರು, ಎಂದು ಬರೆದು ಗಡಿಕಲ್ಲು ಕಿತ್ತುಹಾಕುವ ಕಟ್ಟಳೆ ಆ ಸೀಮೆಯಲ್ಲಿತ್ತು. ಆಮೇಲೆ ಯಾರೇ ಮರಳಿ ಬಂದರೂ ಅವರಿಗೆ ಅಂಗೈಯಗಲ ನೆಲದ ಮೇಲೂ ಹಕ್ಕಿರುತ್ತಿರಲಿಲ್ಲ. ಉಗಾದಿ ಬಂತು, ಹೋಯಿತು, ಹೋದವರು ಬರಲಿಲ್ಲ. ಎರಡನೆಯ ವರ್ಷ ಈಚೆಯ ಸಂಸ್ಥಾನದ ಕುಲಕರ್ಣಿ ಕುದುರೆಯ ಮೇಲೆ ಬಂದು ಮಾಳವ್ವನ ಅಂಗಳದಲ್ಲಿ ನೀರು ಕುಡಿದ. ಮುದುಕ ಕೆಟ್ಟವನಲ್ಲ, ಆದರೆ ಹೊಸ ಅಪ್ಪಣೆ ತಂದಿದ್ದ. "ಇನ್ನ ಮ್ಯಾಲೆ ಊರಿಗೆ ಒಂದು ಒಲಿ ಅಂತಿಲ್ಲವ್ವ. ಯಾವ ಮನ್ಯಾಗ ಹೊಗಿ ಇಲ್ಲೋ ಆ ಮನೀದು ಹೊಲ ಹೋತು. ನಮ್ಮವರು ಯಾವತ್ತರೆ ಒಂದಿನ ಮುಂಜಾನೆ ಗುಡ್ಡದ ಮ್ಯಾಲಿಂದ ಎಣಿಸಿಕೊಂಡು ಹೋಗ್ತಾರ" ಎಂದ. ಯಾವ ದಿನ ಎಂದು ಕೇಳಿದ್ದಕ್ಕೆ, ಅದು ತನಗೂ ಗೊತ್ತಿಲ್ಲವೆಂದು ಹೇಳಿ ಕುದುರೆ ಹತ್ತಿದ.

ಮರುದಿನದಿಂದಲೇ ಮಾಳವ್ವ ಹನ್ನೊಂದು ಮನೆಯ ಒಲೆಗಳನ್ನೂ ಹಚ್ಚತೊಡಗಿದಳು ಎನ್ನುತ್ತಾರೆ. ಒಂದು ದಿನದ ಮಾತಲ್ಲ ಇದು, ಪ್ರತಿದಿನದ್ದು. ಉಳಿದಿದ್ದ ಒಂದೇ ಎಮ್ಮೆಯ ಸಗಣಿಯಿಂದ ಕುಳ್ಳು ತಟ್ಟಿದಳು. ಅದು ಸಾಲದೆಂದು ಕಟ್ಟಿಗೆಗಾಗಿಯೇ ಮೂರು ಹೊಲದಲ್ಲಿ ತೊಗರಿ ಹಾಕಿದಳು. ಬರಿ ಒಲೆ ಉರಿಸಬಾರದೆಂದು ಪ್ರತಿ ಒಲೆಯ ಮೇಲೂ ಒಂದು ಗಡಿಗೆ ನೀರಿಟ್ಟಳು. ಕೊನೆಯ ಮನೆಯ ಒಲೆ ಹೊತ್ತುವಷ್ಟರಲ್ಲಿ ಮೊದಲ ಮನೆಯದು ಸಣ್ಣಗಾಗಿರುತ್ತಿತ್ತು; ಮತ್ತೆ ಅಲ್ಲಿಗೆ ಓಡಬೇಕು. ಪ್ರತಿ ಬಾಗಿಲಲ್ಲೂ ಆ ಮನೆಯಾಕೆ ಒಳಗಿರುವಂತೆಯೇ, "ಅಕ್ಕಾ, ನಿನ್ನ ಒಲಿ ಹಚ್ಚೀನಿ ನೋಡು" ಎಂದು ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದಳಂತೆ. ಮಾತಾಡಲು ಇನ್ನಾರಿದ್ದರು? ಮೂರನೆಯ ವರ್ಷ ಅತ್ತೆ ತೀರಿಕೊಂಡಳು. ನಾಲ್ಕು ಹೆಗಲು ಬೇಕಾದ ಕೆಲಸವನ್ನು ಮಾಳವ್ವ ಒಬ್ಬಳೇ ಮಾಡಿದಳು: ಹಿತ್ತಲ ಬೇವಿನ ಬುಡದಲ್ಲಿ ಎರಡು ದಿನ ನೆಲ ಅಗೆದು ಮಣ್ಣು ಕೊಟ್ಟಳು. ಆ ಎರಡು ದಿನವೂ ಅಗೆತಕ್ಕೆ ಮುಂಚೆ ಒಲೆಗಳನ್ನು ಹಚ್ಚಿಯೇ ಗುದ್ದಲಿ ಹಿಡಿದಳು. ಅತ್ತೆಯ ಹಂಗು ಕಳೆದ ಮೇಲಾದರೂ ಆಕೆ ಗಂಡನನ್ನು ಹುಡುಕಿಕೊಂಡು ಹೋಗಬಹುದಿತ್ತು. ಹೋದರೆ ಹನ್ನೊಂದು ಮನೆಯೂ ಹೋಗುತ್ತಿದ್ದವು. ಈ ಹೊಗೆ ಎಲ್ಲಿಂದಲಾದರೂ ಯಾರಿಗಾದರೂ ಕಂಡೀತು, ಊರು ಇನ್ನೂ ಇದೆ ಎಂದು ಬಂದಾರು ಎಂದುಕೊಂಡು ಕೂತಳು. ಹೀಗೆ ಊರವರು ಹೋಗಿ ಆರು ವರ್ಷವಾಗುತ್ತ ಬಂತು.

ಆರನೆಯ ವರ್ಷದ ಕೊನೆಗೆ ಮಾಳವ್ವನಿಗೆ ಚಳಿಜ್ವರ ಬಂತು. ನಾಲ್ಕು ದಿನ ಮೇಲೇಳಲಾಗಲಿಲ್ಲ. ತೆವಳಿಕೊಂಡು ಹೋಗಿ ತನ್ನ ಒಲೆಯನ್ನಷ್ಟೇ ಹಚ್ಚಿಕೊಂಡಳು. ಉಳಿದ ಹತ್ತು ಮನೆಗಳಲ್ಲಿ ಹೊಗೆಯೇಳಲಿಲ್ಲ. ಊರು ಕೈಬಿಟ್ಟುಹೋಯಿತೆಂದು ಅಳುತ್ತ ಮಲಗಿದ್ದವಳಿಗೆ ನಾಲ್ಕನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಗಂಡಸು ಕಂಡ. ಕೈಯಲ್ಲಿ ಬಡಿಗೆ, ಗಡ್ಡ ಅರ್ಧ ನರೆತಿತ್ತು. ಸಾಯಬಣ್ಣ.

"ನೀ ಒಬ್ಬಾಕೀನ ಇದ್ದೀಯಾ?" ಎಂದನಂತೆ. "ಉಳಿದ ಮಂದಿ ಎಲ್ಲಿ ಹೋದ್ರು?"

"ಯಾವ ಮಂದಿ?"

"ಇಷ್ಟೂ ಮನ್ಯಾಗ ಇದ್ದವರು. ನಾ ಎರಡನೇ ವರ್ಷದಿಂದ ಸುಗ್ಗಿ ಮುಗಿದ ಮ್ಯಾಲೆ ವರ್ಷಾ ಬಂದು ಗುಡ್ಡದ ಮ್ಯಾಲೆ ನಿಂತು ನೋಡ್ತಿದ್ದೆ. ಮೊದಲನೇ ಸಲ ಬಂದಾಗೇ ಹನ್ನೊಂದೂ ಮನ್ಯಾಗ ಹೊಗಿ ಏಳ್ತಿತ್ತು. ದೊರಿ ಕಡೆ ಯಾರೋ ಪರಮಂದಿ ಬಂದು ಸೇರ್ಯಾರ, ನಿಮ್ಮಿಬ್ಬರನ್ನ ಉಳಿಸಿರ್ಲಿಕ್ಕಿಲ್ಲ ಅಂತ ತಿಳಕೊಂಡೆ. ಇಳಿದ್ರ ನನ್ನೂ ಕೋಟಿಗೆ ಹಿಡಿದೊಯ್ತಾರಂತ ಅಂಜಿ, ನೋಡಿ ಹೋಗ್ತಿದ್ದೆ. ಈ ಸಲ ಒಂದೇ ಹೊಗಿ ಕಂಡಿತು, ಅದಕ್ಕ ಇಳಿದೆ."

ಮಾಳವ್ವ ಗೋಡೆ ಹಿಡಿದು ಮೇಲೆದ್ದಳಂತೆ. ಆಮೇಲೆ, "ಹೊಗಿ ಕಂಡ್ರ ಬರ್ತೀರಿ ಅಂತ ನಾ ಹಚ್ತಿದ್ದೆ" ಎಂದಳು.

"ಹೊಗಿ ಕಂಡೇ ನಾ ಬರ್ಲಿಲ್ಲ" ಎಂದು ಅವನು ಬಡಿಗೆ ಕೆಳಗಿಟ್ಟು ಹೊಸ್ತಿಲಲ್ಲೇ ಕೂತ.

ಸಾಯಬಣ್ಣ ಮೂರು ದಿನ ಇದ್ದ. ತಾಯಿಯ ಮಣ್ಣಿನ ಬಳಿ ಅತ್ತ. ಮೂರನೆಯ ದಿನ ಇನ್ನೊಂದು ವಿಷಯವನ್ನೂ ಹೇಳಿದ: ನಾಲ್ಕು ದಿನದ ದಾರಿಯಾಚೆಗಿನ ಊರಲ್ಲಿ ಅವನಿಗೆ ಬೇರೆ ಮನೆಯಾಗಿತ್ತು, ಮದುವೆಯಾಗಿತ್ತು, ಎರಡು ಮಕ್ಕಳಿದ್ದವು. ಉಳಿದವರಿಗೆ ಸುದ್ದಿ ಮುಟ್ಟಿಸುತ್ತೇನೆಂದು ಹೋದವನು ಮಾತು ಉಳಿಸಿಕೊಂಡ. ಮಳೆಗಾಲಕ್ಕೆ ಮುಂಚೆ ನಾಲ್ಕು ಮನೆಯವರು ಮರಳಿ ಬಂದರು. ಜ್ವರದ ಆ ನಾಲ್ಕು ದಿನ ಹೊಗೆ ಎಣಿಸುವವರು ಬಂದಿರಲಿಲ್ಲ. ಅವರವರ ಒಲೆ, ಅವರವರ ಹೊಲ ಅವರಿಗಾಗಿ ಕಾದಿದ್ದವು; ನಾನು ಆ ನಾಲ್ಕರಲ್ಲಿ ಒಂದು ಮನೆಯವನು. ಉಳಿದವರು ಅಲ್ಲಿಯೇ ಬೇರುಬಿಟ್ಟಿದ್ದರು, ಬರಲಿಲ್ಲ. ಸಾಯಬಣ್ಣನೂ ಬರಲಿಲ್ಲ. ಮಾಳವ್ವ ಅವನನ್ನು ಕ್ಷಮಿಸಿದಳೋ ಇಲ್ಲವೋ ಯಾರೂ ಹೇಳುವುದಿಲ್ಲ. ನಾನಾಗಿದ್ದರೆ ಕ್ಷಮಿಸುತ್ತಿರಲಿಲ್ಲ. ಬಂದವರು ಅವನ ಮಾತೆತ್ತಿದರೆ ಆಕೆ, "ಮ್ಯಾಲೆ ನಿಂತವರಿಗೆ ಇಳಿಯಾಕ ದಾರಿ ಇರಲಿಲ್ಲ" ಎಂದಷ್ಟೇ ಹೇಳುತ್ತಿದ್ದಳಂತೆ. ಸೊಂಟಕ್ಕೆ ಸೆರಗು ಸುತ್ತಿ ಹಳ್ಳದ ಚಪ್ಪಟೆ ಕಲ್ಲುಗಳನ್ನು ಹೊತ್ತು ತಂದು, ಗುಡ್ಡದ ಬುಡದಿಂದ ಮೇಲಕ್ಕೆ ದಿನಕ್ಕೊಂದರಂತೆ ಹಾಸಲು ಶುರುಮಾಡಿದಳು. ಸಾಯುವವರೆಗೂ ಹಾಸಿದಳು.

ಆ ಹಾಸುಗಲ್ಲು ಈಗಲೂ ಇದೆ. ಬುಡದಲ್ಲಿ ಅಗಲವಾದ ಕಲ್ಲುಗಳು, ಮೇಲೆ ಹೋದಂತೆ ಸಣ್ಣವು. ವಯಸ್ಸಾದಂತೆ ಆಕೆಗೆ ದೊಡ್ಡವನ್ನು ಹೊರಲಾಗಲಿಲ್ಲ. ನೆತ್ತಿಗೆ ಅರವತ್ತು ಹೆಜ್ಜೆ ಇರುವಾಗ ನಿಂತುಹೋಗಿದೆ, ಅಲ್ಲಿಂದ ಮೇಲೆ ಬರಿಯ ಕಲ್ಲುಪುಡಿ, ಮುಳ್ಳು. ನಾವು ಇಷ್ಟು ತಲೆಮಾರು ಕಳೆದರೂ ಆ ಅರವತ್ತು ಹೆಜ್ಜೆಯನ್ನು ಪೂರ್ತಿ ಮಾಡಿಲ್ಲ, ಅದಕ್ಕೆ ನಾಚಿಕೆಯಾಗುತ್ತದೆ. ಕಳೆದ ಮಾಘದಲ್ಲಿ ಊರಿಗೆ ರಸ್ತೆ ಮಾಡುವ ವಿಚಾರವಾಗಿ ನಾಲ್ವರು ಅಧಿಕಾರಿಗಳು ಬರುವುದಿತ್ತು. ಆರೂ ಮಕ್ಕಳು ಒಗೆದ ಅಂಗಿ ತೊಟ್ಟು, ಒಂದು ಹಾಡು ಕಲಿತು, ಗುಡ್ಡದ ಬುಡದಲ್ಲಿ ಸಾಲಾಗಿ ನಿಂತಿದ್ದವು. ಬಂದವರು ಮೇಲೆ ನಿಂತರು, ಊರಿನತ್ತ ಕೈಮಾಡಿ ಏನೋ ಮಾತಾಡಿಕೊಂಡರು, ತಿರುಗಿ ಹೋದರು. ಮಕ್ಕಳು ಮಧ್ಯಾಹ್ನದವರೆಗೂ ನಿಂತೇ ಇದ್ದವು. ನೆತ್ತಿಯಲ್ಲಿ ನಿಂತವರಿಗೆ ಮಾಳವ್ವನ ದಾರಿ ಕಾಣುವುದಿಲ್ಲ. ಅದು ಕಾಣಬೇಕಾದರೆ ಮುಳ್ಳಿನಲ್ಲಿ ಅರವತ್ತು ಹೆಜ್ಜೆ ಇಳಿಯಬೇಕು.