ಹೊಳೆ ದಾಟಿದ ಸೇನಾಪತಿ

"ಗುರುಗಳೇ, ತನ್ನವರ ಜೊತೆ ನಿಲ್ಲುವುದು ಧರ್ಮವಲ್ಲವೇ?" ಎಂದು ಮರುಳಪ್ಪ ಕೇಳಿದನು. ಕೆಳಗೇರಿಯವರು ಊರ ಕೆರೆಯ ನೀರು ಮುಟ್ಟದಂತೆ ತಡೆಯಲು ಅವನ ಅಣ್ಣಂದಿರು ಬಡಿಗೆ ಹಿಡಿದು ಹೊರಟಿದ್ದರು. ಇವನೂ ಬರಲೇಬೇಕೆಂದು ಹೇಳಿಕಳಿಸಿದ್ದರು. ಎರಡು ದಿನದಿಂದ ಅವನಿಗೆ ಊಟ ಸೇರಿರಲಿಲ್ಲ.

ಗುರುಗಳು ಹೇಳಿದರು:

ಅಮೆರಿಕದಲ್ಲಿ ಒಬ್ಬ ಸೇನಾಧಿಕಾರಿ ಇದ್ದ. ಇಪ್ಪತ್ತು ವರ್ಷ ಇಡೀ ದೇಶದ ಸೈನ್ಯದಲ್ಲಿ ದುಡಿದಿದ್ದ. ಆಮೇಲೆ ದಕ್ಷಿಣದ ಸೀಮೆಗಳವರು ಜೀತದಾಳುಗಳನ್ನು ಬಿಡಲಾರೆವು ಎಂದು ದೇಶದಿಂದ ಸಿಡಿದು ನಿಂತರು. ಅವನ ಹುಟ್ಟೂರು ಅಲ್ಲಿಯದು. ಬಾ ಎಂದು ಕಾಗದ ಬಂತು. ನಾಲ್ಕು ದಿನ ಅವನು ಜಗಲಿಯ ಮೇಲೆ ಅತ್ತಿಂದಿತ್ತ ನಡೆದ. ಐದನೆಯ ದಿನ ಹಳೆಯ ಸಮವಸ್ತ್ರ ಕಳಚಿಟ್ಟು ತನ್ನವರನ್ನು ಸೇರಿದ.

ಯುದ್ಧದಲ್ಲಿ ಅವನಿಗೆ ಸಮನಿರಲಿಲ್ಲ. ಎರಡೇ ವರ್ಷದಲ್ಲಿ ಸೇನಾಪತಿಯಾದ. ಗುಂಡು ತಗುಲಿ ಎಡಗೈ ಸೋತರೂ ಕುದುರೆಯಿಂದ ಇಳಿಯಲಿಲ್ಲ. ಮೂರನೆಯ ವರ್ಷ ದೊಡ್ಡ ಸೋಲಾಗಿ, ಒಂಬತ್ತು ಸಾವಿರ ಜನರನ್ನು ಕರೆದುಕೊಂಡು ದಕ್ಷಿಣಕ್ಕೆ ಹಿಮ್ಮೆಟ್ಟಿದ. ಒಂದು ಮುಂಜಾನೆ ಹೊಳೆಯ ದಡಕ್ಕೆ ಬಂದು ನೋಡಿದರೆ ಸೇತುವೆ ಸುಟ್ಟುಹೋಗಿತ್ತು. ಹೊಳೆ ತುಂಬಿ ಹರಿಯುತ್ತಿತ್ತು. ಹಿಂದಿನಿಂದ ವೈರಿಯ ಫಿರಂಗಿ ಸದ್ದು ಗಳಿಗೆಗೊಮ್ಮೆ ಹತ್ತಿರವಾಗುತ್ತಿತ್ತು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

ಸೈನ್ಯದ ಕಂದಕ ತೋಡಲು ತಂದಿದ್ದ ಜೀತದಾಳುಗಳಲ್ಲಿ ಒಬ್ಬ ಮುದುಕ ಆ ದಡದಲ್ಲೇ ಬೆಳೆದವನು. ಹೊಳೆ ಹಾಯುವ ಜಾಗ ಅವನಿಗೆ ಗೊತ್ತೆಂದು ಯಾರೋ ಹೇಳಿದರು.

ಸೇನಾಪತಿ ಅವನನ್ನು ಕರೆಸಿ, "ದಾರಿ ತೋರಿಸು. ನಿನ್ನನ್ನು ಇವತ್ತೇ ಬಿಡುಗಡೆ ಮಾಡುತ್ತೇನೆ" ಎಂದ.

"ನನ್ನ ಇಬ್ಬರು ಮಕ್ಕಳು ಆಚೆ ದಡದ ಹತ್ತಿ ಹೊಲಗಳಲ್ಲಿ ಜೀತಕ್ಕಿದ್ದಾರೆ ಒಡೆಯಾ. ಅವರಿಗೂ ಬಿಡುಗಡೆ ಉಂಟೇ?"

"ಅದು ನನ್ನ ಕೈಯಲ್ಲಿಲ್ಲ. ನಾನು ಬರೀ ಸೈನಿಕ."

"ಹಾಗಾದರೆ ಯಾರ ಕೈಯಲ್ಲಿದೆ?"

ಫಿರಂಗಿ ಮತ್ತೆ ಗುಡುಗಿತು. ಪಕ್ಕದಲ್ಲಿದ್ದ ಅಧಿಕಾರಿ ಪಿಸ್ತೂಲು ತೆಗೆದು ಮುದುಕನ ಕಿವಿಗೆ ಒತ್ತಿದ. ಸೇನಾಪತಿ ಬೇಡವೆನ್ನಲಿಲ್ಲ, ಮುಖ ತಿರುಗಿಸಿಕೊಂಡ. ಮುದುಕ ನೀರಿಗೆ ಇಳಿದ. ಎದೆಯುದ್ದದ ನೀರಿನಲ್ಲಿ ಅವನು ಮುಂದೆ, ಒಂಬತ್ತು ಸಾವಿರ ಜನ ಹಿಂದೆ.

ಮಧ್ಯಾಹ್ನದ ಹೊತ್ತಿಗೆ ಸೈನ್ಯವೆಲ್ಲ ದಾಟಿತು. ಜನ ಟೋಪಿ ಎಸೆದು ಸೇನಾಪತಿಗೆ ಜಯಕಾರ ಹಾಕಿದರು. ಅವನ ಕಣ್ಣು ಮಾತ್ರ ಮುದುಕನನ್ನು ಹುಡುಕುತ್ತಿತ್ತು. ಮುಳುಗಿದನೋ, ಗದ್ದಲದಲ್ಲಿ ಹಿಂದಿನ ದಡಕ್ಕೆ ಹೋಗಿಬಿಟ್ಟನೋ, ಯಾರೂ ಕಂಡಿರಲಿಲ್ಲ. ಮೂರು ಸಲ ವಿಚಾರಿಸಿದ. ನಾಲ್ಕನೆಯ ಸಲ ಕೇಳಲು ಸಂಕೋಚವಾಯಿತು.

ಉಳಿಸಿಕೊಂಡ ಆ ಸೈನ್ಯದಿಂದಲೇ ಅವನು ಇನ್ನೂ ಹದಿನಾಲ್ಕು ತಿಂಗಳು ಯುದ್ಧ ನಡೆಸಿದ. ಎರಡು ಸಲ ಗೆದ್ದ. ಕೊನೆಗೆ ಕಾಳು ಮುಗಿದು, ಮದ್ದುಗುಂಡು ಮುಗಿದು, ಕತ್ತಿ ಒಪ್ಪಿಸಿದ. ಜೀತದಾಳುಗಳಿಗೆಲ್ಲ ಬಿಡುಗಡೆಯಾಯಿತು. ಅವನ ಊರಿನವರು ಅವನನ್ನು ಹಾಡಿ ಹೊಗಳಿದರು. ಸಾಯುವವರೆಗೂ ಅವನು ನಿಷ್ಠಾವಂತನೆಂದೇ ಹೆಸರಾಗಿದ್ದ.

ಗುರುಗಳು ಕಥೆ ಮುಗಿಸಿದರು. ಮರುಳಪ್ಪನ ಕಣ್ಣು ತೇವವಾಗಿತ್ತು.

"ಪಾಪ, ಎಂಥ ವೀರ! ತನ್ನವರನ್ನು ಕೊನೆಯವರೆಗೂ ಬಿಡಲಿಲ್ಲ. ಅಂಥವನು ಗೆಲ್ಲಬೇಕಿತ್ತು, ಗುರುಗಳೇ."

"ಗೆದ್ದಿದ್ದರೆ ಆ ಮುದುಕನ ಮಕ್ಕಳು ಎಲ್ಲಿರುತ್ತಿದ್ದರು, ಮರುಳಪ್ಪ?" ಎಂದರು ಗುರುಗಳು.

ಮರುಳಪ್ಪ ಕೆಳಗೇರಿಯ ಕಡೆಗೆ ತಿರುಗಿ ನೋಡಿದನು.