ಸೂಜವ್ವನ ಮನೆಯ ಅಳತೆ

ಬಂಡೆಗಳೇ ಹೆಚ್ಚಾಗಿದ್ದ ಒಂದು ಕುರುಚಲು ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿಯೂ ಅವಳ ಗಂಡ ಮೊಂಡಯ್ಯನೂ ಇದ್ದರು. ಸೂಜವ್ವ ತುಂಬು ಬಸುರಿ. ಮುಳ್ಳುಹಂದಿಯ ಮರಿಗಳು ಹುಟ್ಟುವಾಗ ಅವುಗಳ ಮುಳ್ಳು ಹುಲ್ಲಿನಷ್ಟು ಮೆತ್ತಗಿರುತ್ತದೆ. ಅದು ಗಟ್ಟಿಯಾಗುವವರೆಗೆ ಯಾರು ಬೇಕಾದರೂ ಅವನ್ನು ಬಾಯಿಗೆ ಹಾಕಿಕೊಳ್ಳಬಹುದು. ಹಾಗಾಗಿ ಮರಿಗಳು ಹುಟ್ಟುವ ಮೊದಲೇ ಭದ್ರವಾದ ಒಂದು ಸ್ವಂತ ಮನೆ ಆಗಲೇಬೇಕೆಂದು ಸೂಜವ್ವ ಹಟ ತೊಟ್ಟಳು.

ಗುಡ್ಡದ ಇಳಿಜಾರಿನಲ್ಲಿ ಗಂಡ ಹೆಂಡತಿ ಇಬ್ಬರೂ ಮಣ್ಣು ತೋಡಿದರು. ಮುಂದೆ ಒಂದು ಚಿಕ್ಕ ಬಾಗಿಲು. ಅದರಾಚೆ ಸೊಟ್ಟಗೆ ತಿರುಗುವ ಇಕ್ಕಟ್ಟಾದ ಓಣಿ. ಓಣಿಯ ಕೊನೆಯಲ್ಲಿ, ಮುಳ್ಳುಹಂದಿಯೊಂದು ಹಿಂದುಮುಂದಾಗಿ ತಿರುಗಿ ನಿಲ್ಲುವಷ್ಟು ದುಂಡು ಕೋಣೆ. ಅದರ ಹಿಂದೆ ಬಾಣಂತಿ ಕೋಣೆ, ಪೊದೆಯ ಮರೆಗೆ ತೆರೆಯುವ ಒಂದು ಹಿಂಬಾಗಿಲು. ನೋಡಲು ಮನೆ ಅಷ್ಟೇನೂ ಚೆಂದವಿರಲಿಲ್ಲ, ನಿಜ.

ಅಷ್ಟರಲ್ಲಿ ನಾಜೂಕಯ್ಯ ಎಂಬ ನರಿ ಆ ಕಡೆ ಬಂದ. ಹುಟ್ಟಿದಾಗಿನಿಂದ ಅವನು ಒಂದು ಹಿಡಿ ಮಣ್ಣು ತೋಡಿದವನಲ್ಲ. ಆದರೆ ಕಾಡಿನಲ್ಲಿ ಯಾರೇ ಮನೆ ಮಾಡಲಿ, ಹೋಗಿ ಹತ್ತು ತಪ್ಪು ತೋರಿಸದೆ ಬಂದವನೂ ಅಲ್ಲ. ಅಂಥವರು ಎಲ್ಲ ಕಡೆಯೂ ಇರುತ್ತಾರೆ, ಬಿಡಿ. ಈ ಸಲ ಮಾತ್ರ ಅದು ಬರೀ ಬಾಯಿಚಪಲವಾಗಿರಲಿಲ್ಲ. ಮರಿಗಳು ಊಟಕ್ಕೆ, ತೋಡಿಟ್ಟ ಮನೆ ವಾಸಕ್ಕೆ ಎಂದು ಅವನು ಆಗಲೇ ಲೆಕ್ಕ ಹಾಕಿದ್ದ.

ಮನೆಯ ಮುಂಭಾಗಕ್ಕೆ ಕಳೆಯೇ ಇಲ್ಲ ಎಂದು ಅವನು ಶುರುಮಾಡಿದ. ಬಾಗಿಲು ಅಗಲವಾಗಲಿ, ಸುತ್ತ ಬಿಳಿ ಕಲ್ಲು ಜೋಡಿಸಿ, ದಾರಿಹೋಕರು ನಿಂತು ನೋಡುವ ಹಾಗಿರಲಿ ಎಂದ. ಓಣಿ ಸೊಟ್ಟಗಿದ್ದರೆ ಗಾಳಿ ಬೆಳಕು ಬರುವುದು ಹೇಗೆ, ನೆಟ್ಟಗೆ ಮಾಡಿ ಎಂದ. ದುಂಡು ಕೋಣೆ ಬರೀ ದಂಡ, ಅದನ್ನು ಓಣಿಗೇ ಸೇರಿಸಿಬಿಡಿ ಎಂದ. ಕೊನೆಗೆ ದನಿ ತಗ್ಗಿಸಿ, "ಹಿಂಬಾಗಿಲು ಇರಲೇಬಾರದು ತಾಯಿ. ಮನೆಯ ಭಾಗ್ಯವೆಲ್ಲ ಅದರಲ್ಲೇ ಸೋರಿಹೋಗುತ್ತೆ," ಎಂದ.

ಭಾಗ್ಯದ ಮಾತು ಕೇಳಿದ್ದೇ ತಡ, ಮೊಂಡಯ್ಯ ಹಿಂಬಾಗಿಲಿಗೆ ಮಣ್ಣು ನೂಕಲು ಓಡಿದ. ಸೂಜವ್ವನಿಗೆ ಒಳಗೊಳಗೇ ಅಳುಕು. ಆದರೂ ಬಿಳಿ ಕಲ್ಲಿನ ಮುಂಭಾಗ ಮೇಲೆದ್ದಾಗ ಅವಳಿಗೂ ಖುಷಿಯಾಯಿತು. ಅದು ನಿಜಕ್ಕೂ ಚೆನ್ನಾಗಿತ್ತು. ಆ ಖುಷಿಯಲ್ಲೇ ಓಣಿಯನ್ನು ನೆಟ್ಟಗೆ, ಅಗಲವಾಗಿ ಮಾಡಿ ದುಂಡು ಕೋಣೆಯನ್ನು ಅದಕ್ಕೆ ಸೇರಿಸಲೂ ಒಪ್ಪಿಕೊಂಡಳು. ನಾಜೂಕಯ್ಯ ದಿನಾ ಬಂದು ಒಳಗೆಲ್ಲ ಓಡಾಡಿ ನೋಡುತ್ತಿದ್ದ. ಇಲ್ಲಿ ಇನ್ನೊಂದಿಷ್ಟು ಮಣ್ಣು ತೆಗೆಯಿರಿ, ಇಲ್ಲಿಗೆ ಸಾಕು ಎಂದು ಹೇಳಿ ಹೋಗುತ್ತಿದ್ದ.

ಕೆಲಸ ಮುಗಿಯಿತು. ಇನ್ನು ಮರಿಗಳು ಹುಟ್ಟಲಿ ಎಂದು ನಾಜೂಕಯ್ಯ ಬರುವುದನ್ನು ನಿಲ್ಲಿಸಿದ. ಸೂಜವ್ವ ಗೆಣಸೊಂದನ್ನು ಕಚ್ಚಿಕೊಂಡು ಹೊಸ ಓಣಿಯೊಳಗೆ ನಡೆದಳು. ಏನೋ ಸರಿಯಿಲ್ಲ ಅನ್ನಿಸಿತು. ಅವಳ ಮುಳ್ಳು ಎಡಗೋಡೆಗೂ ತಾಗಲಿಲ್ಲ, ಬಲಗೋಡೆಗೂ ತಾಗಲಿಲ್ಲ. ಮೊದಲಿನ ಓಣಿಯಲ್ಲಿ ಎರಡೂ ಕಡೆ ಸರಸರ ತಾಗುತ್ತಿತ್ತು. ಆ ಸದ್ದಿನಲ್ಲೇ ಅವಳು ಕತ್ತಲಲ್ಲೂ ದಾರಿ ತಿಳಿಯುತ್ತಿದ್ದಳು.

ಗೆಣಸು ಕೆಳಗಿಟ್ಟು ಗೋಡೆಯನ್ನು ಮೂಸಿ ನೋಡಿದಳು. ಅಲ್ಲಿ ನರಿಯ ಕಂದು ಕೂದಲು ಅಂಟಿತ್ತು. ಚಾವಣಿಯಲ್ಲೂ ಅದೇ ಕೂದಲು. ನಾಜೂಕಯ್ಯ ಎಲ್ಲೆಲ್ಲಿ ಸಾಕು ಎಂದಿದ್ದನೋ ಅಲ್ಲೆಲ್ಲ ಅವನ ಪಕ್ಕೆ, ಅವನ ಕಿವಿ ಉಜ್ಜಿದ ಗುರುತು. ಮನೆ ತೋಡಿದ್ದು ಅವಳು, ಅಳತೆ ಅವನದು. ಈ ಅಗಲದಲ್ಲಿ ಅವನು ಅವಳ ಪಕ್ಕದಿಂದಲೇ ನುಸುಳಿ ಮರಿಗಳ ಹತ್ತಿರ ಹೋಗಬಹುದಿತ್ತು. ಓಡಿ ಹೋಗಲು ಹಿಂಬಾಗಿಲೂ ಇರಲಿಲ್ಲ. ಸೂಜವ್ವನಿಗೆ ಸಿಟ್ಟು ಬಂತು.

ಎಲ್ಲ ಮುಚ್ಚಿ ಮತ್ತೆ ತೋಡಬೇಕು ಎಂದಾಗ ಮೊಂಡಯ್ಯ ತಲೆಯ ಮೇಲೆ ಕೈ ಹೊತ್ತ. ಇಷ್ಟು ಕಷ್ಟಪಟ್ಟು ಮಾಡಿದ್ದೇವೆ, ನಿನಗೋ ದಿನ ತುಂಬಿದೆ, ಅಷ್ಟು ತಿಳಿದ ನಾಜೂಕಯ್ಯನವರು ಏನಂದುಕೊಂಡಾರು ಎಂದು ಗೊಣಗಿದ.

"ರೀ, ಮುಳ್ಳು ಗಟ್ಟಿಯಾಗೋವರೆಗೆ ನಮ್ಮ ಮಕ್ಕಳಿಗೆ ಈ ಮನೇನೇ ಮುಳ್ಳು," ಎಂದಳು ಸೂಜವ್ವ. "ಅವರು ಏನಾದರೂ ಅಂದುಕೊಳ್ಳಲಿ. ನೀವು ಬರದಿದ್ದರೆ ನಾನೊಬ್ಬಳೇ ತೋಡ್ತೀನಿ."

ಹೇಳಿದಂತೆ ಒಬ್ಬಳೇ ಶುರುಮಾಡಿದಳು. ಹೊಟ್ಟೆ ಭಾರ, ಸೊಂಟ ನೋವು, ಉಗುರು ಸವೆಯಿತು. ಆದರೂ ನಿಲ್ಲಿಸಲಿಲ್ಲ. ಅದನ್ನು ನೋಡಿ ನಾಚಿಕೆಯಾಗಿ ಮೊಂಡಯ್ಯನೂ ಮಣ್ಣಿಗಿಳಿದ. ಬಿಳಿ ಕಲ್ಲಿನ ಮುಂಭಾಗವನ್ನು ಅವಳು ಕೀಳಲಿಲ್ಲ. ಚೆಂದದ ಮೇಲೆ ಅವಳಿಗೇನು ಹಗೆ? ಬಾಗಿಲು ದಾಟಿದ ಕೂಡಲೇ ನೆಟ್ಟನೆಯ ಓಣಿಗೆ ಮಣ್ಣು ತುಂಬಿ ಗೋಡೆ ಮಾಡಿದಳು. ಪಕ್ಕಕ್ಕೆ ತಿರುಗುವ ಹೊಸ ಓಣಿ ತೋಡಿದಳು. ಮುಂದೆ ನಡೆದು ನೋಡಿದಳು, ಹಿಂದೆ ನಡೆದು ನೋಡಿದಳು. ಎರಡೂ ಗೋಡೆಗೆ ಮುಳ್ಳು ತಾಗುವವರೆಗೆ ಬಿಡಲಿಲ್ಲ. ದುಂಡು ಕೋಣೆ ಮತ್ತೆ ಬಂತು, ಹಿಂಬಾಗಿಲು ಮತ್ತೆ ತೆರೆಯಿತು. ಅಲ್ಲೇ ಎರಡು ಮರಿಗಳು ಹುಟ್ಟಿದವು.

ಮರಿಗಳ ಕೀಚಲು ದನಿ ನಾಜೂಕಯ್ಯನ ಕಿವಿಗೆ ಬೀಳದೆ ಇರುತ್ತದೆಯೇ? ಮುಸ್ಸಂಜೆ ಗಂಡ ಹೆಂಡತಿ ಬೇರು ಕೀಳಲು ಹೊರಟದ್ದನ್ನು ನೋಡಿಕೊಂಡು ಅವನು ಮನೆಗೆ ನುಗ್ಗಿದ. ತಾನೇ ಹೇಳಿ ಮಾಡಿಸಿದ ಓಣಿಯಲ್ಲವೇ, ಕಣ್ಣುಮುಚ್ಚಿ ಓಡಿದ. ಢಬ್ಬೆಂದು ಗೋಡೆಗೆ ಮುಖ ಬಡಿಯಿತು. ಸಾವರಿಸಿಕೊಂಡು ಪಕ್ಕದ ಓಣಿಗೆ ತಲೆ ತೂರಿಸಿದ. ಮರಿಗಳ ವಾಸನೆ ಮೂಗಿಗೆ ಬಡಿಯಿತು. ಆಸೆಯಿಂದ ಇನ್ನೂ ಮುಂದೆ ತುರುಕಿಕೊಂಡ. ಹೆಗಲು ಸಿಕ್ಕಿಬಿತ್ತು.

ಢಬ್ಬೆಂಬ ಸದ್ದು ಸೂಜವ್ವನಿಗೆ ಹೊರಗೆ ಕೇಳಿಸಿತ್ತು. ಅವಳು ಹಿಂಬಾಗಿಲಿನಿಂದ ಒಳಗೆ ಬಂದಳು. ಮರಿಗಳನ್ನು ದಾಟಿ ದುಂಡು ಕೋಣೆಗೆ ಹೋಗಿ ಗಿರ್ರನೆ ತಿರುಗಿ ನಿಂತಳು. ಮುಳ್ಳುಗಳನ್ನೆಲ್ಲ ಕೆದರಿ ಓಣಿಯೊಳಗೆ ಹಿಂದುಹಿಂದಕ್ಕೆ ನಡೆದಳು. ನಾಜೂಕಯ್ಯನಿಗೆ ತಿರುಗಲು ಜಾಗವಿರಲಿಲ್ಲ. ಮೂತಿಯ ತುಂಬ ಮುಳ್ಳು ಚುಚ್ಚಿಸಿಕೊಂಡು, ಊಳಿಡುತ್ತಾ ಹೇಗೋ ತೆವಳಿ ಹೊರಗೆ ಬಿದ್ದ.

"ಇದು ನಾನು ಹೇಳಿದ ಮನೆ ಅಲ್ಲ," ಎಂದು ನರಳಿದ.

"ಅಲ್ಲ ಅಣ್ಣ," ಎಂದಳು ಸೂಜವ್ವ ಒಳಗಿನಿಂದ. "ನೀವು ಹೇಳಿದ್ದು ನಿಮ್ಮ ಮನೆ. ಇದು ನಮ್ಮದು."

ನೀತಿ: ಮನೆ ಕಟ್ಟುವಾಗ ಸಲಹೆ ಯಾರದೇ ಇರಲಿ, ಅಳತೆ ಮಾತ್ರ ಅಲ್ಲಿ ಬಾಳುವವರದಾಗಿರಬೇಕು, ತಪ್ಪು ಕಂಡ ಮೇಲೆ ಕೆಡವಿ ಕಟ್ಟಲು ಹಿಂಜರಿಯಬಾರದು.